ರಾಯ್ಸ್‌ನ ಎಡ ಮೊಣಕಾಲು

"ಕೆಳಗೇನಾದ್ರೂ ಬಿತ್ತಾ ಮೇಡಂ?"

ಟ್ವೈಲಾ ಉಸಿರು ಬಿಗಿಹಿಡಿದಳು. ಅವಳು ಅಂಗಾತ ಮಲಗಿದ್ದಳು. ಬೆನ್ನ ಕೆಳಗೆ ಡ್ಯಾನ್ಸ್ ಹಾಲ್‌ನ ಮರದ ನೆಲ, ಮೂಗಿನಿಂದ ಒಂದು ಗೇಣು ಮೇಲೆ ನಾಲ್ಕು ಕಾಲಿನ ಮೇಲೆ ನಿಂತ ಬೇರೆಯವರ ಸ್ಟೀಲ್ ಗಿಟಾರು. ಕೈಯಲ್ಲಿ ಫೋನಿನ ಟಾರ್ಚು. ಗಿಟಾರಿನ ಮುಂದೆ ಇಳಿಬಿಟ್ಟಿದ್ದ ಹೂವಿನ ಬಟ್ಟೆಯ ಅಂಚಿಗೆ ಒಂದು ಜೊತೆ ಬೂಟು ಬಂದು ನಿಂತಿತ್ತು.

'ಈ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದಾ...'

"ಓಲೆ... ಕಿವಿಯೋಲೆ ಬಿದ್ದೋಯ್ತು!"

ಬೂಟಿನವನು ಮಂಡಿಯೂರಿದ. ಬಟ್ಟೆ ಸರಿಯಿತು. ಹ್ಯಾಟಿನ ಕೆಳಗೆ ಬಿಸಿಲಿಗೆ ಕಂದಿದ ಒಂದು ಮುಖ ಇಣುಕಿತು. ಅವನು ಅವಳ ಬಲಗಿವಿ ನೋಡಿದ. ಎಡಗಿವಿ ನೋಡಿದ. ಎರಡರಲ್ಲೂ ಓಲೆ ಇತ್ತು.

"ಮೂರು ಹಾಕ್ಕೊಂಡು ಬಂದಿದ್ರಾ?"

ಟ್ವೈಲಾ ಇನ್ನೊಂದು ಬದಿಯಿಂದ ತೆವಳಿ ಹೊರಬಿದ್ದು, ಕೂದಲಿಗೆ ಮೆತ್ತಿದ ಧೂಳಿನ ಸಮೇತ ಓಡಿದಳು.

ರಾಯ್ಸ್ ಟಿಡ್‌ವೆಲ್ ಮಂಡಿಯೂರಿದಲ್ಲೇ ಉಳಿದ. ಅವನ ಕಿವಿ ಕೆಂಪಾಗಿತ್ತು. ಬೆಳಗ್ಗೆ ಅವನು ಅಭ್ಯಾಸಕ್ಕೆಂದು ನುಡಿಸುವಾಗಲೂ ಇದೇ ಹುಡುಗಿ ಮೊದಲ ಸಾಲಿನಲ್ಲಿ ಕೂತು ರೆಪ್ಪೆ ಮಿಟುಕಿಸದೆ ನೋಡಿದ್ದಳು. ಈಗ ಗಿಟಾರಿನ ಅಡಿಗೇ ಬಂದಿದ್ದಾಳೆ...

'ದೇವರೇ! ಇವಳಿಗೆ ನನ್ನ ಮೇಲೆ ಮನಸ್ಸಾಗಿದೆ!'

ಪಾಪ, ಅವನಿಗೇನು ಗೊತ್ತು!

ವರ್ಷಕ್ಕೊಮ್ಮೆ, ಅಕ್ಟೋಬರ್‌ನ ಒಂದು ಶನಿವಾರ, ಟೆಕ್ಸಸ್ಸಿನ ನಮ್ಮ ಭಾಗದ ಸ್ಟೀಲ್ ಗಿಟಾರಿನವರೆಲ್ಲ ಈ ಹಾಲ್‌ನಲ್ಲಿ ಸೇರುತ್ತಾರೆ. ಎಲ್ಲರೂ ನುಡಿಸುವುದು ಒಂದೇ ಹಾಡು: 'ವೇಕೋ ದಾಟಿದ ಮೇಲೆ ಅಳ್ತೀನಿ'. ಊರು ಬಿಟ್ಟು ಬಸ್ಸು ಹತ್ತುವ ಹೆಂಗಸೊಬ್ಬಳ ಹಾಡು ಅದು; ವೇಕೋ ದಾರಿಯಲ್ಲಿ ಸಿಗುವ ಪಟ್ಟಣ. ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ರೀತಿಯಲ್ಲಿ ನುಡಿಸಬೇಕು. ಇನ್ನೊಬ್ಬರದ್ದನ್ನು ಹಾಗೇ ಒಪ್ಪಿಸಿದರೆ, ಎಲ್ಲರಿಗಿಂತ ಹಿರಿಯನಾದ ಎಮಿಲ್ ತಾತ ಎದ್ದು ಹೋಗಿ ಆಂಪ್ಲಿಫೈಯರಿನ ಪ್ಲಗ್ಗು ಕೀಳುತ್ತಾನೆ. ಒಂದು ತುಣುಕು ಕದಿಯುವುದು ಮಾತ್ರ ಎಲ್ಲರೂ ಮಾಡುವುದೇ. ಈ ಗಿಟಾರು ಮೇಜಿನ ಹಾಗೆ ಕಾಲಿನ ಮೇಲೆ ನಿಲ್ಲುವ ವಾದ್ಯ. ಮೇಲೆ ತಂತಿ, ಗುಟ್ಟೆಲ್ಲ ಕೆಳಗೆ. ಪಾದದಲ್ಲಿ ಒತ್ತುವ ಪೆಡಲ್ಲು, ಮೊಣಕಾಲಲ್ಲಿ ತಳ್ಳುವ ಕಬ್ಬಿಣದ ಪಟ್ಟಿ. ಅವನ್ನು ಒಬ್ಬೊಬ್ಬರೂ ತಮಗೆ ಬೇಕಾದಂತೆ ಕಟ್ಟಿಕೊಂಡಿರುತ್ತಾರೆ. ಅದಕ್ಕೇ ಜಾಣರು ಮುಂದೆ ಬಟ್ಟೆ ಇಳಿಬಿಡುವುದು.

ಹೋದ ವರ್ಷ ಟ್ವೈಲಾ ನುಡಿಸಲು ಕೂತಾಗ ಹಾಲ್‌ಗೆ ಹಾಲೇ ಎದ್ದು, ಹಣ್ಣು ತುಂಬಿದ ಸಿಹಿ ಪೈ ತಿನ್ನಲು ಹೋಗಿತ್ತು. ಯಾರೂ ಬೈಯಲಿಲ್ಲ, ನಗಲಿಲ್ಲ. ಸುಮ್ಮನೆ ಎದ್ದು ಹೋದರು. ಅವಳ ಹೆತ್ತಪ್ಪನೇ ಆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ!

ಈ ವರ್ಷ ಒಬ್ಬರೂ ಏಳಬಾರದು. ಎದ್ದರೆ ಗಿಟಾರನ್ನು ಮಾರಿಬಿಡುತ್ತೇನೆ ಎಂದು ಅವಳು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು.

ತೊಡಕಿದ್ದದ್ದು ಒಂದೇ ಜಾಗದಲ್ಲಿ. ಹಾಡಿನ ಹೆಂಗಸು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಒಮ್ಮೆ ತಿರುಗಿ ನೋಡುವ ಸಾಲು. ಅಲ್ಲಿ ಟ್ವೈಲಾಳ ಗಿಟಾರು ಏನನ್ನೂ ಹೇಳುತ್ತಿರಲಿಲ್ಲ. ರಾಯ್ಸ್‌ನದ್ದೋ, ಬಿಕ್ಕಳಿಸುತ್ತಿತ್ತು! ಹಾಗೆ ಬಿಕ್ಕಳಿಸುವಾಗಲೆಲ್ಲ ಬಟ್ಟೆಯ ಹಿಂದೆ ಅವನ ಎಡ ಮೊಣಕಾಲು ಸ್ವಲ್ಪ ಮೇಲೆದ್ದಂತೆ ಕಾಣುತ್ತಿತ್ತು...

ಊಟದ ಹೊತ್ತಿಗೆ ಒಬ್ಬ ಹಿರಿಯ ಹೆಂಗಸು ಅವಳ ಮುಂದೆ ಮಾಂಸದ ತಟ್ಟೆ ಇಟ್ಟು, ಎದುರಿಗೇ ಕೂತಳು. ರಾಯ್ಸ್‌ನನ್ನು ಸಾಕಿ ಬೆಳೆಸಿದ ಓನಿಟಾ ಚಿಕ್ಕಮ್ಮ.

"ದನದ ಸಂತೇಲಿ ಕೆಲಸ ಅಂತೆ?"

"ಹೂಂ..."

"ಒಳ್ಳೇದು. ಜನ ದನ ತಿನ್ನೋದು ನಿಲ್ಲಿಸಲ್ಲ. ಯಾವ ಚರ್ಚು?"

"ಕ್ಯಾಥೊಲಿಕ್."

"ನಾವು ಬ್ಯಾಪ್ಟಿಸ್ಟು, ಕುಣಿಯೋದೂ ಪಾಪ ಅನ್ನೋರು. ಪರವಾಗಿಲ್ಲ ಬಿಡು. ಡ್ಯಾನ್ಸ್ ಹಾಲ್‌ಗೇ ಕಾಲಿಟ್ಟಾಯ್ತು, ಇನ್ನು ನರಕಕ್ಕೆ ಎಷ್ಟು ದೂರ!"

"ಏನು ಪರವಾಗಿಲ್ಲ?"

"ನಾಚ್ಕೋಬೇಡ ಮಗಳೇ. ರಾಯ್ಸ್ ಎಲ್ಲಾ ಹೇಳ್ದ. ಬೆಳಗ್ಗೆಯಿಂದ ಅವನ ಮೇಲೇ ಕಣ್ಣಂತೆ. ಸಾಲದು ಅಂತ ಗಿಟಾರಿನ ಕೆಳಗೂ ನುಗ್ಗಿದ್ಯಂತೆ! ನಮ್ಮ ಕಾಲದಲ್ಲಿ ಒಂದು ಕೇಕ್ ಮಾಡಿಕೊಟ್ರೆ ಸಾಕಿತ್ತಮ್ಮ..."

ಟ್ವೈಲಾಳ ಬಾಯಿಂದ ಆಲೂಗಡ್ಡೆ ಜಾರಿತು.

"ಅಯ್ಯೋ, ನಾನು ನೋಡ್ತಿದ್ದಿದ್ದು ಅವರ ಮೊಣಕಾಲು!"

ಅದೇ ಕ್ಷಣಕ್ಕೆ ವೇದಿಕೆಯ ಮೇಲೆ ಯಾರೋ ತಂತಿ ಶ್ರುತಿ ಮಾಡುವುದನ್ನು ನಿಲ್ಲಿಸಿದ್ದರು. ಹಾಲ್ ಪೂರ್ತಿ ಮೌನ. ಆದರೆ ಅವಳ ಬಾಯಿ ನಿಲ್ಲಬೇಕಲ್ಲ!

"ಬರೀ ಎಡ ಮೊಣಕಾಲು! ಅವರ ಮುಖ ಹೇಗಿದೆ ಅಂತಾನೂ ನಂಗೊತ್ತಿಲ್ಲ!"

"ಎಡದ್ದು ಹೋಯ್ತು ಕಣ್ರಪ್ಪಾ!" ಎಮಿಲ್ ತಾತ ಹರಾಜು ಕೂಗುವವನಂತೆ ಕೈ ಎತ್ತಿದ. "ಬಲದ್ದಕ್ಕೆ ಯಾರು ಕೂಗ್ತೀರಾ?"

ನಗು ಸೂರಿಗೆ ಬಡಿಯಿತು.

ಕಾಫಿ ಡಬ್ಬದ ಪಕ್ಕ ರಾಯ್ಸ್ ನಿಂತಿದ್ದ. ಅವನು ನಗಲಿಲ್ಲ. ಲೋಟ ಕೆಳಗಿಟ್ಟು ತನ್ನ ಗಿಟಾರಿನ ಹತ್ತಿರ ಹೋದ. ಮೈಮೇಲಿದ್ದ ಜಾಕೆಟ್ಟು ಬಿಚ್ಚಿ, ಪಕ್ಕದಿಂದಲೂ ಏನೂ ಕಾಣದ ಹಾಗೆ ಗಿಟಾರಿನ ಬದಿಗೆ ಹೊದಿಸಿದ.

ಟ್ವೈಲಾ ತಟ್ಟೆಯನ್ನು ದೂರ ತಳ್ಳಿದಳು.

'ಯಾಕೆ ಹಾಗಂದೆ? ಸುಳ್ಳು! ಮುಖ ಗೊತ್ತಿದೆ. ನಕ್ಕರೆ ಒಂದೇ ಕೆನ್ನೆ ಮೇಲೇಳುತ್ತೆ, ಅದೂ ಗೊತ್ತಿದೆ...'

"ಮುಂದಿನವರು, ಟ್ವೈಲಾ ಕುಬೆಕ್ಕಾ!"

ಅವಳು ಹೋಗಿ ಕೂತಳು. ಹಾಡು ಶುರುವಾಯಿತು. ಮೊದಲ ಸಾಲು ಆಯಿತು. ಅಪ್ಪ ಕುರ್ಚಿ ಸರಿಸಿದ. ಪೈಗೆ ಎದ್ದನೇ? ಇಲ್ಲ, ಕಾಲು ಚಾಚಲಿಕ್ಕೆ ಅಷ್ಟೇ. ಎರಡನೆಯದೂ ಆಯಿತು.

ಬಸ್ಸಿನ ಮೆಟ್ಟಿಲು ಬಂತು.

ಸರಿಯಾಗಿ ಅಲ್ಲೇ ಅವಳು ತಲೆಯೆತ್ತಬಾರದಿತ್ತು. ಎತ್ತಿದಳು. ಕೊನೆಯ ಸಾಲಿನಲ್ಲಿದ್ದ ರಾಯ್ಸ್ ಅವಳನ್ನೇ ನೋಡುತ್ತಿದ್ದ. ಅವಳ ಪಾದ ಪೆಡಲ್ಲನ್ನೇ ಮರೆತುಬಿಟ್ಟಿತು! ಎಚ್ಚೆತ್ತು ಒತ್ತುವಷ್ಟರಲ್ಲಿ ಸ್ವರ ತಡವಾಗಿತ್ತು. ಮಲಗಿದ್ದ ಮುದಿ ಹಸು ಏಳುವಂತೆ ಅದು ಕಷ್ಟಪಟ್ಟು, ಮನಸ್ಸಿಲ್ಲದೆ, ಮೇಲಕ್ಕೆ ಎದ್ದಿತು. ತಿರುಗಬಾರದು ಎಂದುಕೊಂಡಿದ್ದವಳು ಕೊನೆಗೂ ತಿರುಗಿದ ಹಾಗೆ.

ಅವಳು ಅದನ್ನು ತಿದ್ದಲಿಲ್ಲ. ಮುಂದಿನ ಸುತ್ತಿನಲ್ಲಿ ಬೇಕೆಂದೇ ಹಾಗೆ ತಡಮಾಡಿದಳು.

ಹಾಲ್‌ನಲ್ಲಿ ಒಂದು ಚಮಚವೂ ಸದ್ದು ಮಾಡಲಿಲ್ಲ. ಓನಿಟಾ ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

ಆಗ ಒಬ್ಬ ಎದ್ದು ನಿಂತ.

ರಾಯ್ಸ್!

'ಮುಗೀತು... ಇವನೇ ಪೈಗೆ ಎದ್ದ...'

ಅವನು ಎಲ್ಲಿಗೂ ಹೋಗಲಿಲ್ಲ. ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡು ಕಂಬದ ಹಾಗೆ ನಿಂತೇ ಇದ್ದ.

"ಕೂತ್ಕೊಳ್ಳೋ, ಹಿಂದಿರೋರಿಗೆ ಕಾಣಲ್ಲ!" ಯಾರೋ ಕೂಗಿದರು.

"ಅವನ ಹಿಂದೆ ಇರೋದು ಗೋಡೆ. ನಿಲ್ಲಲಿ ಬಿಡ್ರೋ," ಎಂದ ಎಮಿಲ್ ತಾತ.

ಸಂಜೆ ಎಲ್ಲರೂ ವೈರು ಸುತ್ತುತ್ತಿದ್ದಾಗ ಟ್ವೈಲಾ ಅವನ ಬಳಿ ಬಂದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಎಲ್ಲವೂ ಮರೆತುಹೋಯಿತು.

"ನೀವೆದ್ದಿದ್ದು ಪೈಗೆ ಅಂದ್ಕೊಂಡೆ."

"ಪೈ ಖಾಲಿಯಾಗಿತ್ತು."

"ಓ..."

"ಇದ್ದಿದ್ರೂ ಏಳ್ತಿರಲಿಲ್ಲ." ಅವನು ಹ್ಯಾಟಿನ ಅಂಚು ತಿರುಗಿಸಿದ. "ಅಲ್ಲ, ಎದ್ದೆ... ಆದ್ರೆ ಪೈಗಲ್ಲ. ಕೂತಿರೋಕೆ ಆಗ್ಲಿಲ್ಲ."

"ಮಧ್ಯಾಹ್ನ ನಾನು ಹೇಳಿದ್ದು ಸುಳ್ಳು ಕಣ್ರೀ. ನಿಮ್ಮ ಮುಖ ನಂಗೆ ಚೆನ್ನಾಗೇ ಗೊತ್ತು."

ಅವನ ಒಂದು ಕೆನ್ನೆ ಮೇಲೆದ್ದಿತು.

"ಹೇಗಿದೆ?"

"ಮೊಣಕಾಲಿಗಿಂತ ವಾಸಿ."

ರಾಯ್ಸ್ ಜೋರಾಗಿ ನಕ್ಕುಬಿಟ್ಟ. ಆಮೇಲೆ ಗಂಭೀರನಾದ. ಬಾಗಿ ಜಾಕೆಟ್ಟು ತೆಗೆದ. ಹೂವಿನ ಬಟ್ಟೆಯ ಒಂದು ಮೂಲೆಯ ಗಂಟು ಬಿಚ್ಚಿದ. ತನ್ನ ಕುರ್ಚಿಯನ್ನು ಕೈಯಿಂದ ಒರೆಸಿ ಅವಳತ್ತ ಎಳೆದ.

"ಯಾರಿಗೂ ತೋರಿಸಿಲ್ಲ. ಎಮಿಲ್ ತಾತ ಎಷ್ಟು ಗೋಗರೆದ್ರೂ ತೋರಿಸಿಲ್ಲ. ಬನ್ನಿ, ನೀವೇ ಕೂತು ನೋಡಿ. ಆ ಪಟ್ಟಿ ಹೇಗೆ ಕಟ್ಟಿದ್ದೀನಿ ಅಂತ ಹೇಳಿಕೊಡ್ತೀನಿ."

ಟ್ವೈಲಾ ಕುರ್ಚಿ ನೋಡಿದಳು. ಅರ್ಧ ಜೋತುಬಿದ್ದ ಬಟ್ಟೆ ನೋಡಿದಳು. ಬೆಳಗ್ಗೆ ಇದಕ್ಕಾಗಿ ನೆಲದ ಮೇಲೆ ಉರುಳಿದ್ದವಳು!

"ಬೇಡ."

"ಅಂದ್ರೆ? ದಿನಪೂರ್ತಿ ಇದಕ್ಕೇ ಅಲ್ವೇನ್ರೀ ಒದ್ದಾಡಿದ್ದು?"

"ಹೌದು." ಅವಳು ಗಂಟನ್ನು ತಾನೇ ಬಿಗಿಯಾಗಿ ಕಟ್ಟಿದಳು. ಹೋಗಿ ಮೊದಲ ಸಾಲಿನಲ್ಲಿ ಕೂತಳು. "ಆ ಸಾಲಿಗೆ ನನ್ನದೇ ದಾರಿ ಸಿಕ್ತು, ಹೇಳಿಕೊಡೋದು ಬೇಡ. ನೀವು ನುಡಿಸಿ. ನಾನು ಇಲ್ಲಿಂದಲೇ ನೋಡ್ತಿರ್ತೀನಿ."