ಶನಿವಾರದ ಪ್ರಶ್ನೆಗಳು ಸೋರಿದ್ದೆಲ್ಲಿ?

"ಕೆಲಸ ಹೋದ್ರೆ ಹೋಗ್ಲಿ ಮೇಡಂ. ಹನ್ನೆರಡು ವರ್ಷದ ಗೆಳೆಯ ನನ್ನ ಬೆನ್ನಿಗೆ ಚೂರಿ ಹಾಕಿದ್ನಾ ಇಲ್ವಾ, ಅಷ್ಟು ಹೇಳಿ ಸಾಕು."

ಹೀಗೆಂದವರು ರೇಡಿಯೊದಲ್ಲಿ ಪ್ರತಿ ಶನಿವಾರ ರಸಪ್ರಶ್ನೆ ನಡೆಸುವವರು. ಊರಿಗೆಲ್ಲ ಅವರು 'ಪ್ರಶ್ನೆ ಮಾಮ'. ಅಂದು ಮುಖ ಸಪ್ಪೆ ಮಾಡಿಕೊಂಡು ನಮ್ಮ ದೊಡ್ಡಮ್ಮನ ಎದುರು ಕುಳಿತಿದ್ದರು. ದೊಡ್ಡಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಬಿಡಿಸಲಾಗದ ಗಂಟು ಎಲ್ಲೇ ಬಿದ್ದರೂ ಅದು ಕೊನೆಗೆ ಬಂದು ಸೇರುತ್ತಿದ್ದುದು ಅವಳ ಹತ್ತಿರ. ಅವಳ ಮನೆಯ ಕೆಳಗಿನ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ನಾನು ಅವಳ ಬಾಲ.

ವಿಷಯ ಇಷ್ಟು. ವಾರಕ್ಕೆ ಐದು ಪ್ರಶ್ನೆ. ಫೋನು ಮಾಡಿ ಎಲ್ಲರಿಗಿಂತ ಹೆಚ್ಚು ಸರಿಯುತ್ತರ ಕೊಟ್ಟವರಿಗೆ ಒಂದು ಫ್ಲಾಸ್ಕ್ ಬಹುಮಾನ. ಕಳೆದ ಆರು ವಾರವೂ ಗೆದ್ದದ್ದು ಒಬ್ಬರೇ, ಪ್ರಶ್ನೆ ಮಾಮನ ಪಕ್ಕದ ಮನೆಯ ಕಂಡಕ್ಟರ್ ತಾತ. ಪ್ರಶ್ನೆ ಮಾರಾಟವಾಗುತ್ತಿದೆ ಎಂದು ಕೇಳುಗರು ಗುಲ್ಲೆಬ್ಬಿಸಿದ್ದರು. ನಾಳೆಯೊಳಗೆ ಸತ್ಯ ತಿಳಿಯದಿದ್ದರೆ ಕಾರ್ಯಕ್ರಮ ಬಂದ್ ಎಂದು ರೇಡಿಯೊ ಕೇಂದ್ರದ ಮ್ಯಾನೇಜರ್ ಮೇಡಂ ಹೇಳಿಬಿಟ್ಟಿದ್ದರು.

"ಪ್ರಶ್ನೆ ಎಲ್ಲಿರ್ತವೆ?" ದೊಡ್ಡಮ್ಮ ಕೇಳಿದಳು.

"ಕೈಯಲ್ಲೇ ನೋಟ್‌ಬುಕ್ಕಿಗೆ ಬರೀತೀನಿ. ಸ್ಟುಡಿಯೊ ಡ್ರಾಯರ್‌ನಲ್ಲಿಟ್ಟು ಬೀಗ ಹಾಕ್ತೀನಿ. ಇನ್ನೊಂದು ಬೀಗದ ಕೈ ಇರೋದು ಆ ಗೆಳೆಯ, ನಮ್ಮ ಸೌಂಡ್ ಎಂಜಿನಿಯರ್ ಹತ್ರ ಮಾತ್ರ. ನಿನ್ನೆ ಕೇಳಿದ್ದಕ್ಕೆ ಹೆಡ್‌ಫೋನ್ ಟೇಬಲ್ ಮೇಲಿಟ್ಟು ಎದ್ದು ಹೋದ."

"ಮೂವತ್ತು ಪ್ರಶ್ನೆಯಲ್ಲಿ ತಾತ ತಪ್ಪಿದ್ದೆಷ್ಟು?"

"ಎರಡೇ ಎರಡು. ದೀಪಸ್ತಂಭದ್ದೊಂದು, ಅಂಚೆ ಚೀಟಿದೊಂದು."

"ಅವನ್ನ ಎಲ್ಲಿಂದ ತೆಗೆದ್ರಿ?"

"ಅವೆರಡು ನಮ್ಮಪ್ಪನ ಹಳೇ ಪುಸ್ತಕದಿಂದ. ಉಳಿದದ್ದೆಲ್ಲ ಇಂಟರ್ನೆಟ್ಟಿಂದ."

ದೊಡ್ಡಮ್ಮ ಎದ್ದು ಚಪ್ಪಲಿ ಮೆಟ್ಟಿದಳು. "ನಡೀರಿ, ನಿಮ್ಮನೆಗೆ."

ದಾರಿಯಲ್ಲಿ ನನಗೊಂದು ನೆನಪಾಯಿತು. "ದೊಡ್ಡಮ್ಮ, ಆ ತಾತನಿಗೆ ಎರಡೂ ಕಣ್ಣಲ್ಲಿ ಪೊರೆ. ಹೋದ ತಿಂಗಳು ನಾನೇ ಪರೀಕ್ಷೆ ಮಾಡ್ದೆ. ಬೋರ್ಡಿನ ಮೊದಲ ಅಕ್ಷರಕ್ಕೇ ತಡವರಿಸಿದ್ರು."

"ಶಭಾಷ್! ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದು ಅವಳು ನನ್ನ ಬೆನ್ನು ತಟ್ಟಿದಳು. ನಾನು ಉಬ್ಬಿಹೋದೆ, ಯಾಕೆಂದು ಮಾತ್ರ ತಿಳಿಯಲಿಲ್ಲ.

ಮನೆಯ ಜಗಲಿಯಲ್ಲಿ ಮಾಮನ ಅತ್ತೆ ಕಾಲು ಚಾಚಿ ಕುಳಿತಿದ್ದರು. ತೊಡೆಯ ಮೇಲೊಂದು ಟ್ಯಾಬ್ಲೆಟ್, ಅದರಿಂದ ಯಾರೋ ನಿಧಾನವಾಗಿ ಮಾತಾಡುವ ದನಿ. ನಮ್ಮನ್ನು ಕಂಡು ದನಿ ನಿಲ್ಲಿಸಿ ನಕ್ಕರು. ಮಾಮ ತಲೆ ತಗ್ಗಿಸಿ ಸರಸರನೆ ಮೆಟ್ಟಿಲೇರಿದರು.

"ಮೊಣಕಾಲು ಆಪರೇಷನ್ ಆದ್ಮೇಲೆ ಇಲ್ಲೇ ಇದಾರೆ, ಎಂಟು ತಿಂಗಳಾಯ್ತು," ಎಂದರು ಮಾಮ, ಮಹಡಿಯ ಕೋಣೆ ಸೇರಿದ ಮೇಲೆ. "ಮೆಟ್ಟಿಲು ಹತ್ತಲ್ಲ. ಬೇಜಾರಾಗದಿರ್ಲಿ ಅಂತ ಎರಡು ತಿಂಗಳ ಹಿಂದೆ ನನ್ನ ಹಳೇ ಟ್ಯಾಬ್ಲೆಟ್ ಕೊಟ್ಟೆ. ಅವರ ಹತ್ರ ಮಾತಾಡೋಕೆ ನನಗೇನೋ ಸಂಕೋಚ."

ಕಂಪ್ಯೂಟರ್ ತೆರೆದೊಡನೆ ಮಾಮನಿಗೆ ಜೀವ ಬಂತು. ಬ್ರೌಸರಿನಲ್ಲಿ ಹಸಿರು ಬಣ್ಣದ ಒಂದು ಗುಂಪು, ಅದರ ಹೆಸರು 'ಶನಿವಾರ'. ಒತ್ತಿದರೆ ಹತ್ತಾರು ಪುಟ ಸಾಲಾಗಿ ಬಿಚ್ಚಿಕೊಂಡವು.

"ಮುಂಚೆ ಐವತ್ತು ಪುಟ ತೆರೆದು ಯಾವುದು ಎಲ್ಲಿದೆ ಅಂತ ಹುಡುಕಿ ಸಾಯ್ತಿದ್ದೆ. ಈಗ ಒಂದೇ ಗುಂಪಿಗೆ ಹಾಕ್ತೀನಿ. ಎರಡು ಪುಟ ಅಕ್ಕಪಕ್ಕ ಇಟ್ಟು ತಾಳೆ ನೋಡ್ತೀನಿ. ಬೇರೆ ಭಾಷೇದಾದ್ರೆ ಕನ್ನಡಕ್ಕೆ ಅನುವಾದ ಮಾಡುತ್ತೆ. ಆದ್ರೆ ಒಂದು ಕಾಟ ಮೇಡಂ, ಕೆಲವು ಪುಟ ತಾವಾಗೇ ಮುಚ್ಚಿಹೋಗ್ತವೆ. ಹಾವಿನದ್ದು ಹೋಯ್ತು, ಜೇಡದ್ದೂ ಹೋಯ್ತು."

ದೊಡ್ಡಮ್ಮ ಹಿಸ್ಟರಿ ತೆಗೆಸಿದಳು. ಆಕ್ಟೋಪಸ್, ಜ್ವಾಲಾಮುಖಿಗಳ ನಡುವೆ 'ಮೊಣಕಾಲಿಗೆ ಹತ್ತು ವ್ಯಾಯಾಮ', 'ಮಗುವಿನ ಸ್ವೆಟರಿಗೆ ತೋಳು ಹೆಣೆಯುವುದು ಹೇಗೆ'.

"ಜಾಹೀರಾತು ಮೇಡಂ, ಎಲ್ಲೆಲ್ಲೂ ನುಗ್ಗುತ್ವೆ," ಎಂದು ಮಾಮ ಗೊಣಗಿದರು.

"ಸಂಜೆ ಐದಕ್ಕೆ ಎಲ್ಲರನ್ನೂ ಇಲ್ಲಿಗೆ ಕರೆಸಿ," ಎಂದಳು ದೊಡ್ಡಮ್ಮ. "ತಾತನನ್ನೂ."

ಐದಕ್ಕೆ ಹಜಾರ ತುಂಬಿತು. ಮ್ಯಾನೇಜರ್ ಮೇಡಂ ಗಡಿಯಾರ ನೋಡುತ್ತಿದ್ದರು. ಎಂಜಿನಿಯರ್ ಕೈಕಟ್ಟಿ ಗೋಡೆಗೊರಗಿ ನಿಂತಿದ್ದ. ಕಂಡಕ್ಟರ್ ತಾತ ಆರೂ ಫ್ಲಾಸ್ಕುಗಳನ್ನು ಚೀಲದಲ್ಲಿ ತುಂಬಿ ತಂದಿದ್ದರು. "ಕಳ್ಳ ಅನ್ನಿಸ್ಕೊಂಡು ಇದ್ರಲ್ಲಿ ಕಾಫಿ ಕುಡಿಯಕ್ಕಾಗಲ್ಲ," ಎಂದು ಅವನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಅತ್ತೆಯನ್ನು ಮಗಳು, ಅಂದರೆ ಮಾಮನ ಹೆಂಡತಿ, ಕೈಹಿಡಿದು ತಂದು ಕೂರಿಸಿದಳು.

"ಮೊದಲು ನೋಟ್‌ಬುಕ್ ವಿಚಾರ," ದೊಡ್ಡಮ್ಮ ಆರಂಭಿಸಿದಳು. "ಅದರಲ್ಲಿ ಮೂವತ್ತೂ ಪ್ರಶ್ನೆ ಇದ್ವು. ಕದ್ದಿದ್ರೆ ಮೂವತ್ತೂ ಗೊತ್ತಿರ್ತಿತ್ತು. ತಪ್ಪಿದ್ದು ಪುಸ್ತಕದಿಂದ ತೆಗೆದ ಎರಡು ಮಾತ್ರ. ಅಂದ್ಮೇಲೆ ಸೋರಿದ್ದು ಡ್ರಾಯರ್‌ನಿಂದಲ್ಲ, ಇವರು ಇಂಟರ್ನೆಟ್ಟಲ್ಲಿ ಓದೋ ಪುಟಗಳಿಂದ. ಆ ಬೀಗದ ಕೈಗೂ ಇದಕ್ಕೂ ಸಂಬಂಧವೇ ಇಲ್ಲ."

ಎಂಜಿನಿಯರ್ ಕಟ್ಟಿದ್ದ ಕೈ ಸಡಿಲಿಸಿದ. ಮಾಮ ನೆಲ ನೋಡಿದರು.

"ಎರಡನೇದು, ಹಿಸ್ಟರೀಲಿ ಜಾಹೀರಾತು ಸುಮ್ಮನೆ ಬಂದು ಕೂರಲ್ಲ. ಯಾರೋ ತೆರೆದ ಪುಟ ಮಾತ್ರ ಅಲ್ಲಿರುತ್ತೆ. ಈ ಮನೇಲಿ ಮೊಣಕಾಲು ನೋವು ಯಾರಿಗೆ?"

ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿತು.

"ಅಮ್ಮ ಮೇಲೆ ಹೋಗೇ ಇಲ್ವಲ್ಲ!" ಎಂದಳು ಮಗಳು.

"ಹೋಗೋ ಅಗತ್ಯವೇ ಇರ್ಲಿಲ್ಲ," ಎಂದು ದೊಡ್ಡಮ್ಮ ಮಾಮನ ಕಡೆ ತಿರುಗಿದಳು. "ಮೇಲೆ ಹೋಗಿ ಆ ಹಸಿರು ಗುಂಪಿನಲ್ಲಿ ಹೊಸ ಪುಟ ಒಂದು ತೆರೀರಿ. ಯಾವುದು ಅಂತ ನಮಗೆ ಹೇಳ್ಬೇಡಿ."

ಮಾಮ ಹೋದರು. ಒಂದೆರಡು ನಿಮಿಷ ಕಳೆದಿರಬಹುದು, ಅತ್ತೆ ತೊಡೆಯ ಮೇಲಿನ ಟ್ಯಾಬ್ಲೆಟ್ ನೋಡಿ ಮುಖ ಅರಳಿಸಿದರು.

"ಓ, ಇವತ್ತಿಂದು ಬಂತು! ಜೇನುಹುಳ ಹೇಗೆ ಕುಣಿದು ದಾರಿ ಹೇಳುತ್ತೆ ಅಂತೆ!"

ಕೆಳಗಿಳಿದು ಬಂದ ಮಾಮ ಮೆಟ್ಟಿಲ ಮೇಲೇ ನಿಂತುಬಿಟ್ಟರು. ತೆರೆದದ್ದು ಅದೇ ಪುಟ.

"ಟ್ಯಾಬ್ಲೆಟ್ ಕೊಟ್ರಿ, ಅದರಿಂದ ನಿಮ್ಮ ಬ್ರೌಸರ್ ಖಾತೆ ತೆಗೆದುಹಾಕ್ಲಿಲ್ಲ," ದೊಡ್ಡಮ್ಮ ಹೇಳಿದಳು. "ಒಂದೇ ಖಾತೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹಿಸ್ಟರಿ, ಗುಂಪು ಎಲ್ಲ ತಾನಾಗೇ ಒಂದೇ ಆಗಿಬಿಡುತ್ತೆ. ಇಲ್ಲಿ ತೆರೆದದ್ದು ಅಲ್ಲಿ, ಅಲ್ಲಿ ಮುಚ್ಚಿದ್ದು ಇಲ್ಲಿ. ಇನ್ನು ತಾತನ ಕಣ್ಣು ಮಂಜು, ಓದಕ್ಕಾಗಲ್ಲ. ಹಾಗಾದ್ರೆ ಯಾರೋ ಓದಿ ಹೇಳಿರ್ಬೇಕು. ಇವರ ಬ್ರೌಸರ್‌ನಲ್ಲಿ ಪುಟವನ್ನ ಗಟ್ಟಿಯಾಗಿ ಓದೋ ಸೌಲಭ್ಯ ಇದೆ. ಮಧ್ಯಾಹ್ನ ನಾವು ಕೇಳಿದ ದನಿ ಅದೇ."

"ಹೌದಮ್ಮ," ತಾತ ಬೆರಗಾಗಿ ಹೇಳಿದರು. "ದಿನಾ ಮೂರು ಗಂಟೆಗೆ ಇಬ್ರೂ ಜಗಲೀಲಿ ಕೂತು ಕೇಳ್ತೀವಿ. ಶನಿವಾರ ರೇಡಿಯೊ ಹಾಕಿದ್ರೆ ಅದೇ ವಿಷಯ ಬರೋದು. ನನ್ನ ಅದೃಷ್ಟ ಖುಲಾಯಿಸ್ತು ಅಂದ್ಕೊಂಡೆ!"

"ನಾನು ಶನಿವಾರ ಬೆಳಿಗ್ಗೆ ವ್ಯಾಯಾಮದ ಕ್ಲಾಸಿಗೆ ಹೋಗಿರ್ತೀನಿ. ರೇಡಿಯೊ ಕೇಳೇ ಇಲ್ಲ," ಎಂದರು ಅತ್ತೆ. ಅವರ ದನಿ ಸಣ್ಣದಾಯಿತು. "ಅಳಿಯಂದಿರು ಬಾಯಲ್ಲಿ ಮಾತಾಡಲ್ಲ, ಆದ್ರೆ ನನಗೋಸ್ಕರ ದಿನಾ ಹುಡುಕಿ ಹುಡುಕಿ ಕಳಿಸ್ತಾರೆ ಅಂದ್ಕೊಂಡಿದ್ದೆ. ಹಾವು, ಜೇಡ ಮಾತ್ರ ನೋಡಕ್ಕಾಗ್ದೆ ಮುಚ್ಚಿಬಿಟ್ಟೆ. ಬೇಜಾರು ಮಾಡ್ಕೋಬೇಡಿ."

ಮಾಮನ ಮುಖ ಕೆಂಪೇರಿತ್ತು. ಮೊದಲು ಅವರು ಎಂಜಿನಿಯರ್ ಬಳಿಗೆ ಹೋದರು.

"ನಾನು ಕತ್ತೆ ಕಣೋ."

"ಅದು ಹನ್ನೆರಡು ವರ್ಷದಿಂದ ಗೊತ್ತು," ಎಂದ ಎಂಜಿನಿಯರ್. ಇಬ್ಬರೂ ತಬ್ಬಿಕೊಂಡು ನಕ್ಕರು. ಮ್ಯಾನೇಜರ್ ಮೇಡಂ ಕೂಡ ಗಡಿಯಾರ ಮರೆತು ನಕ್ಕರು. ನಡೆದದ್ದನ್ನು ನಡೆದಂತೆ ರೇಡಿಯೊದಲ್ಲೇ ಹೇಳಬೇಕೆಂದೂ, ಫ್ಲಾಸ್ಕುಗಳು ತಾತನ ಹತ್ತಿರವೇ ಇರಲೆಂದೂ ತೀರ್ಪಾಯಿತು.

ಆಮೇಲೆ ಮಾಮ ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕ ಕುಳಿತರು. ಟ್ಯಾಬ್ಲೆಟ್ಟಿನಿಂದ ತಮ್ಮ ಖಾತೆ ತೆಗೆದುಹಾಕಿ ಅವರದೇ ಹೊಸ ಖಾತೆ ಮಾಡಿಕೊಟ್ಟರು. ಅಕ್ಷರ ದೊಡ್ಡದು ಮಾಡುವುದು, ಪುಟವನ್ನು ಆಮೇಲೆ ಓದಲು ಎತ್ತಿಡುವುದು, ಎಲ್ಲ ಒಂದೊಂದಾಗಿ ತೋರಿಸಿದರು. ಎಂಟು ತಿಂಗಳಲ್ಲಿ ಆಡದಷ್ಟು ಮಾತು ಅರ್ಧ ಗಂಟೆಯಲ್ಲಿ ಆಡಿಬಿಟ್ಟರು.

"ಈಗ ಹೇಳಿ ಅತ್ತೆ, ನಿಮಗೇನು ಓದೋಕೆ ಇಷ್ಟ?"

ಅತ್ತೆ ಕನ್ನಡಕ ಸರಿಮಾಡಿಕೊಂಡು ಯೋಚಿಸಿದರು.

"ನೀವು ಓದೋದೇ ಕಳಿಸಿ," ಎಂದರು. "ಆದ್ರೆ ಭಾನುವಾರ ಕಳಿಸಿ."