ಹಳದಿ ಚೀಟಿಯ ಹಿಂಬದಿ

ಮರ್ಲ್ ಪ್ಯಾಸ್ಕೋ ಜಗಲಿಯಲ್ಲಿ ಚಹಾ ಕುಡಿದು ಸಭಾಂಗಣದೊಳಗೆ ಬಂದಾಗ ಮೇಜಿನ ಮೇಲೆ ಪೆಟ್ಟಿಗೆ ಇರಲಿಲ್ಲ.

ಅದರಲ್ಲಿ ದುಡ್ಡಿಲ್ಲ, ಒಡವೆಯಿಲ್ಲ. ಇದ್ದದ್ದು ಒಂಬೈನೂರು ಚೀಟಿ. ಬುಲ್ಯಾರಾ ಊರಿನ ಜನ ಅಂಗಡಿಯಲ್ಲಿ, ಬಸ್ಸಿನಲ್ಲಿ, ಫುಟ್‌ಬಾಲ್ ಮೈದಾನದಲ್ಲಿ ಆಡಿದ ಇಂಗ್ಲಿಷ್ ವಾಕ್ಯಗಳು. ಯಾವ ಕ್ರಿಯಾಪದದ ನಂತರ ಏನು ಬರುತ್ತದೆ ಎನ್ನುವುದು ನೀಲಿ ಚೀಟಿಯಲ್ಲಿ, 'ಸುಲಭ', 'ಕಷ್ಟ'ದಂಥ ಗುಣವಾಚಕಗಳ ಸಂಸಾರ ಹಳದಿಯಲ್ಲಿ. ಹೊರದೇಶದಿಂದ ಬಂದು ನೆಲೆಸಿದವರಿಗೆ ಮರ್ಲ್ ಇಪ್ಪತ್ತೆರಡು ವರ್ಷದಿಂದ ಇವುಗಳಲ್ಲೇ ಪಾಠ ಹೇಳುತ್ತಿದ್ದರು.

ಕಾನ್‌ಸ್ಟೇಬಲ್ ಬ್ರಾನ್ವಿನ್ ಟೀಗ್ ಬಂದು ಟೋಪಿ ತೆಗೆದು ತಲೆ ಕೆರೆದುಕೊಂಡಳು.

"ವಾಕ್ಯ ಕಳುವಾಗಿದ್ಯಾ?"

"ಹೌದು ಕಣೆ. ನಗಬೇಡ."

"ನಗ್ತಿಲ್ಲ ಮರ್ಲ್. ಫಾರಮ್ಮಲ್ಲಿ 'ಬೆಲೆ' ಅಂತ ಒಂದು ಕಾಲಂ ಇದೆ. ಏನಂತ ಬರೀಲಿ?"

ಮಾತನ್ನು ಯಾರಾದರೂ ಯಾಕೆ ಕದಿಯುತ್ತಾರೆ? ಬ್ರಾನ್ವಿನ್‌ಗೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ನೋರ್ಮಾ ಟ್ರೆವಿನ್ ಕೈ ಒರೆಸಿಕೊಳ್ಳುತ್ತಾ ಬಂದರು. ಮಂಗಳವಾರದ ಚಹಾ ಅವರದು. ಅಡುಗೆಮನೆಯ ಗೋಡೆಯ ಮೇಲಿದ್ದ ಹನ್ನೊಂದು ನೀಲಿ ರಿಬ್ಬನ್ನೂ ಅವರವೇ. ಊರಿನ ಕೃಷಿ ಪ್ರದರ್ಶನದಲ್ಲಿ ಹಣ್ಣಿನ ಕೇಕಿಗೆ ಹನ್ನೊಂದು ವರ್ಷ ಮೊದಲ ಬಹುಮಾನ. ಹನ್ನೆರಡನೆಯದು ಈ ಶನಿವಾರ.

"ಮರ್ಲ್ ತರಗತಿಯ ಆ ಗುಲ್ಸೂಮ್‌ನ ಕೇಳಮ್ಮ," ಎಂದರು ನೋರ್ಮಾ. "ಚಹಾ ಹೊತ್ತಲ್ಲಿ ದೊಡ್ಡ ಚೀಲ ಹೊತ್ಕೊಂಡು ಕಾರಿನ ಹತ್ರ ಹೋದ್ಳು. ಪೆಟ್ಟಿಗೆ ಮನೆಗೆ ಕೊಡಿ ಅಂತ ವಾರವೆಲ್ಲ ಪೀಡಿಸ್ತಾ ಇದ್ಳು."

"ಅದು ನಿಜವೇ," ಎಂದರು ಮರ್ಲ್, ಮನಸ್ಸಿಲ್ಲದೆ. "ಆದರೆ ಬ್ರಾನ್ವಿನ್, ಸೋಮವಾರದಿಂದ ಅವಳಿಗೆ ವೃದ್ಧಾಶ್ರಮದಲ್ಲಿ ಕೆಲಸ. ನಿಮ್ಮ ಕಾಗದದಲ್ಲಿ ಅವಳ ಹೆಸರು ಬಿದ್ದರೆ ಕೆಲಸ ಹೋಯ್ತು."

*

ಗುಲ್ಸೂಮ್ ರಹಿಮಿ ಮೆಟ್ಟಿಲ ಮೇಲೆ ಕೂತಿದ್ದಳು. ಚೀಲ ತಾನಾಗಿಯೇ ತೆರೆದು ತೋರಿಸಿದಳು. ಮಗಳ ಆಟದ ಬೂಟು, ಎರಡು ರೊಟ್ಟಿ, ಒಂದು ದಪ್ಪ ನೋಟುಬುಕ್ಕು.

"ಪೆಟ್ಟಿಗೆ ಯಾಕೆ ಕೇಳ್ತಿದ್ದೆ?"

"ಬರ್ಕೊಳ್ಳೋಕೆ ಮೇಡಂ. ಆರು ತಿಂಗಳಿಂದ ದಿನಾ ಬೇಗ ಬಂದು ಬರ್ಕೊಂಡಿದ್ದೀನಿ."

"ಒಂಬೈನೂರೂ?"

"ನಾಲ್ಕು ಉಳಿದಿವೆ. ಆ ನಾಲ್ಕಕ್ಕೋಸ್ಕರ ಯಾರಾದ್ರೂ ಕದೀತಾರಾ?"

ಬ್ರಾನ್ವಿನ್ ಪುಟ ತಿರುವಿದಳು. 'ಮೀನು ಹಿಡಿಯೋದು ಬಿಡು ಅಂದ್ರೆ ಅವನು ಬಿಡ್ತಾನಾ. ಡೆಸ್ ಹಾಕಿಂಗ್, ಪೆಟ್ರೋಲ್ ಬಂಕ್, ಜುಲೈ.' ಪ್ರತಿ ವಾಕ್ಯಕ್ಕೂ ಒಂದು ಹೆಸರು, ಒಂದು ಜಾಗ.

"ಈ ಹೆಸರುಗಳೇನು?"

"ಚೀಟಿ ಹಿಂದೆ ನಮ್ಮ ಪ್ರೀತಿಯ ಮರ್ಲ್ ಟೀಚರ್ ಬರೆದಿರ್ತಾರೆ. ಯಾರು, ಎಲ್ಲಿ, ಯಾವಾಗ. ಅದೂ ವಾಕ್ಯದ್ದೇ ಅಂದ್ಕೊಂಡು ಬಾಯಿಪಾಠ ಮಾಡ್ಬಿಟ್ಟೆ. ಇವತ್ತು ತರಗತೀಲಿ ಹಾಗೇ ಹೇಳ್ದೆ. ಎಲ್ಲರೂ ನಕ್ಕಿದ್ದೇ ನಕ್ಕಿದ್ದು."

"ಯಾವುದನ್ನ ಹೇಳ್ದೆ?"

ಗುಲ್ಸೂಮ್ ಎದ್ದು ಕೈಕಟ್ಟಿ ನಿಂತಳು. "ಹಣ್ಣಿನ ಕೇಕ್ ಬೇಯಿಸೋದಕ್ಕಿಂತ ಕೊಂಡ್ಕೊಳ್ಳೋದೇ ಸುಲಭ. ನೋರ್ಮಾ ಟ್ರೆವಿನ್, ಮಿನ್ಲಾಕಿ ಬೇಕರಿ, ಪ್ರದರ್ಶನದ ಹಿಂದಿನ ದಿನ."

ಬ್ರಾನ್ವಿನ್ ನೋಟುಬುಕ್ಕು ಮುಚ್ಚಿದಳು. "ಚಹಾ ಯಾರು ತಂದ್ಕೊಟ್ರು? ಚಹಾ ತಳ್ಳೋ ಗಾಡೀಲಾ?"

"ಇಲ್ಲ. ನೋರ್ಮಾನೇ ತಟ್ಟೇಲಿ ತಂದ್ರು. ಗಾಡಿ ಚಕ್ರ ಕೆಟ್ಟಿದೆ ಅಂದ್ರು. ಪಾಪ, ನಾಲ್ಕು ಸಲ ಓಡಾಡಿದ್ರು."

*

ಅಡುಗೆಮನೆಯಿಂದ ಸಭಾಂಗಣಕ್ಕಿದ್ದ ಕಿಟಕಿ ತೆರೆದಿತ್ತು, ಮೂಲೆಯಲ್ಲಿ ಚಹಾದ ಗಾಡಿ ನಿಂತಿತ್ತು. ಮೇಲೆ ಉದ್ದನೆಯ ಹೂವಿನ ಬಟ್ಟೆ. ಮರ್ಲ್, ನೋರ್ಮಾ, ಗುಲ್ಸೂಮ್ ನೋಡುತ್ತಿದ್ದಂತೆ ಬ್ರಾನ್ವಿನ್ ಅದನ್ನು ಒಂದು ಬೆರಳಿನಿಂದ ತಳ್ಳಿದಳು. ಸರಾಗವಾಗಿ ಉರುಳಿತು. ಬಟ್ಟೆ ಎತ್ತಿದಳು. ಕೆಳಗಿನ ಹಲಗೆಯ ಮೇಲೆ ಪೆಟ್ಟಿಗೆ.

"ಅಯ್ಯೋ, ನೋರ್ಮಾ!" ಎಂದರು ಮರ್ಲ್.

"ಪಾಠ ನಡೆಯುವಾಗಲೂ ಈ ಕಿಟಕಿ ತೆರೆದೇ ಇತ್ತು," ಎಂದಳು ಬ್ರಾನ್ವಿನ್. "ಗುಲ್ಸೂಮ್ ಒಪ್ಪಿಸಿದ್ದು ನಿಮಗೆ ಕೇಳಿಸ್ತು. ಅಂಥ ಚೀಟಿ ಇದೆ ಅಂತ ಆಗಲೇ ನಿಮಗೆ ಗೊತ್ತಾಗಿದ್ದು. ಒಂಬೈನೂರರಲ್ಲಿ ಒಂದನ್ನ ಹುಡುಕೋಕೆ ಹೊತ್ತಿರಲಿಲ್ಲ. ಎಲ್ಲರೂ ಜಗಲೀಲಿ ಇದ್ದಾಗ ಪೆಟ್ಟಿಗೇನೇ ಗಾಡಿಗೆ ಹಾಕಿದ್ರಿ. ಮರ್ಲ್ ಮನೆಗೆ ಹೋದ ಮೇಲೆ ಸಾಗಿಸೋಣ ಅಂತ. ಗುಲ್ಸೂಮ್‌ಗೆ ಪೆಟ್ಟಿಗೆ ಕದಿಯೋ ಅಗತ್ಯವೇ ಇರಲಿಲ್ಲ, ನಾಲ್ಕು ಬಿಟ್ಟು ಎಲ್ಲಾ ಅವಳ ಪುಸ್ತಕದಲ್ಲಿದೆ."

ನೋರ್ಮಾ ಕುರ್ಚಿ ಹುಡುಕಿ ಕೂತರು. "ಮೊದಲ ಎಂಟು ನನ್ನ ಕೈಯವೇ. ಆಮೇಲೆ ಕೈ ನಡುಗೋಕೆ ಶುರುವಾಯ್ತು. ಹಿಟ್ಟು ಕಲಸೋಕೇ ಆಗ್ತಿರಲಿಲ್ಲ." ಮರ್ಲ್ ಕಡೆ ತಿರುಗಿದರು. "ಬೇಕರಿ ಸಾಲಲ್ಲಿ ನನ್ನ ಹಿಂದೆ ನೀನೇ ನಿಂತಿದ್ದೆ. ಕೇಳಿಸ್ಕೊಂಡೂ ಯಾರಿಗೂ ಹೇಳ್ಲಿಲ್ವಾ?"

"ನನಗೆ ವಾಕ್ಯದ ಅಚ್ಚು ಮಾತ್ರ ಕೇಳಿಸುತ್ತೆ ನೋರ್ಮಾ," ಎಂದರು ಮರ್ಲ್ ಗೊಂದಲದಿಂದ. "'ಸುಲಭ'ಕ್ಕೆ ಒಳ್ಳೆ ಉದಾಹರಣೆ ಸಿಕ್ತು ಅಂತ ಖುಷಿಯಾಗಿತ್ತು, ಅಷ್ಟೇ. ಕೇಕಿನ ಯೋಚನೆ ಬರಲೇ ಇಲ್ಲ."

"ಕೇಕು ಹಾಳಾಗಲಿ," ಎಂದಳು ಬ್ರಾನ್ವಿನ್. "ಒಂದು ರಿಬ್ಬನ್ನಿಗೆ ಇವಳ ಕೆಲಸ ಹೋಗ್ಬೇಕಿತ್ತಾ?"

ನೋರ್ಮಾ ಗುಲ್ಸೂಮ್ ಮುಖ ನೋಡಲಾರದೆ ತಲೆ ತಗ್ಗಿಸಿದರು. ಆಮೇಲೆ ಎದ್ದು, ಗೋಡೆಯಿಂದ ಕೊನೆಯ ಮೂರು ರಿಬ್ಬನ್ ಬಿಚ್ಚಿ ಮೇಜಿನ ಮೇಲಿಟ್ಟರು.

ಬ್ರಾನ್ವಿನ್ ಫಾರಮ್ಮಿನ ಮೇಲೆ ಇನ್ನೂ ಯಾರ ಹೆಸರನ್ನೂ ಬರೆದಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ನೋರ್ಮಾ ಎದುರು ಕೂತಳು. "ಗುಲ್ಸೂಮ್, ನೀನು ಮನೆಗೆ ಹೋಗು. ಸೋಮವಾರದ ಕೆಲಸಕ್ಕೆ ಭಯ ಆಗ್ತಿದ್ಯಾ?"

"ಇಲ್ಲ ಮೇಡಂ. ಕೆಲಸ ಶುರುಮಾಡೋಕೆ ನಾನು ರೆಡಿ."

ಮರ್ಲ್ ಕಿವಿ ನೆಟ್ಟಗಾಯಿತು: 'ರೆಡಿ'ಗೆ ಒಳ್ಳೆ ಉದಾಹರಣೆ! ಹೊಸ ಹಳದಿ ಚೀಟಿ ತೆಗೆದು ಆ ವಾಕ್ಯವನ್ನು ಬರೆದರು. ಇಪ್ಪತ್ತೆರಡು ವರ್ಷದಲ್ಲಿ ವಿದ್ಯಾರ್ಥಿಯೊಬ್ಬರ ಮಾತು ಪೆಟ್ಟಿಗೆ ಸೇರುತ್ತಿದ್ದದ್ದು ಇದೇ ಮೊದಲು. ಚೀಟಿ ತಿರುಗಿಸಿ ಹಿಂಬದಿಯಲ್ಲಿ ಬರೆದರು: ಗುಲ್ಸೂಮ್ ರಹಿಮಿ, ಬುಲ್ಯಾರಾ ಸಭಾಂಗಣ, ಮಂಗಳವಾರ.