ನೀಲಿ ಕಾರಿನ ಎಡಗಡೆ ಬಾಗಿಲು

"ಏನ್ರೀ ಇದು! ಮೂವತ್ತು ಲಕ್ಷದ ಕಾರಿಗೆ ಬರಿಗಾಲಿನ ಡ್ರೈವರ್ ಏನು? ಭತ್ತದ ಗದ್ದಿ ಕೆಸರಿನಿಂದ ಸೀದಾ ಎಬ್ಬಿಸ್ಕೊಂಡು ಬಂದೀರೇನು ಇವನ್ನ?"

ಕಾರು ನೋಡಲು ಬಂದ ಸತ್ಯಾತ್ಮ ಹಾಗೆ ಅಂದಿದ್ದೇ ತಡ, ಬಳ್ಳಾರಿ ಕಂಟೋನ್ಮೆಂಟಿನ ಆ ಕಾರ್ ಶೋರೂಮಿನ ತುಂಬ ನಗು ಎದ್ದಿತು. ಮ್ಯಾನೇಜರ್ ನಕ್ಕ. ಕೌಂಟರಿನ ರಶ್ಮಿ ನಕ್ಕಳು. ಚಹಾ ಕುಡಿಯುತ್ತಿದ್ದ ಬೇರೆ ಗಿರಾಕಿಗಳೂ ತಿರುಗಿ ನೋಡಿ ನಕ್ಕರು.

ಶೋರೂಮಿನ ಡ್ರೈವರ್ ಮಾರೇಶ ನಗಲಿಲ್ಲ. ನೀಲಿ ಕಾರಿನ ಬಾಗಿಲ ಹೊರಗೆ ಜೋಡಿಸಿಟ್ಟಿದ್ದ ತನ್ನ ಚಪ್ಪಲಿಗಳನ್ನೊಮ್ಮೆ ನೋಡಿದ. ಪೂಜೆಯಾದ ಗಾಡಿಗೆ ಚಪ್ಪಲಿ ಕಾಲಲ್ಲಿ ಹತ್ತುವುದು ಅವನ ಊರು ಹಚ್ಚೊಳ್ಳಿಯಲ್ಲಿ ಯಾರಿಗೂ ಗೊತ್ತಿಲ್ಲ. ಆಮೇಲೆ ತಲೆ ಎತ್ತಿ ಶ್ರೀವಾಣಿಯನ್ನು ನೋಡಿದ.

ಶ್ರೀವಾಣಿ ಆ ಶೋರೂಮಿನ ಸೇಲ್ಸ್ ಹುಡುಗಿ. ಅವಳು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು...

ಆಡಿದಳು.

"ಸಾರಿ ಸರ್. ಅವ ಹೊಸಬ. ಇನ್ನೂ ಕಲೀತಾನ."

ಹೊಸಬ!

ಎರಡು ವರ್ಷದಿಂದ ಶೋರೂಮಿನ ಹಿತ್ತಲಿನ ಬೇವಿನ ಮರದ ಕೆಳಗೆ ಅವಳ ಡಬ್ಬಿಯಲ್ಲೇ ಕೈಯಿಟ್ಟು ಉಂಡವನು. 'ಒಂದಿನ ನಿನಗ ಕಾರ್ ಕಲಿಸ್ತೀನಿ ವಾಣಿ, ನೀ ಓಡಸ್ಬೇಕು, ನಾ ಮಗ್ಗಲಾಗ ಕುಂದರಬೇಕು' ಅಂದವನು. ಅವನೇ ಹೊಸಬ!

ಮಾತು ಬಾಯಿಂದ ಜಾರಿದ ಮೇಲೆ ಶ್ರೀವಾಣಿ ಮಾರೇಶನಿಂದ ಕಣ್ಣು ತಪ್ಪಿಸಿದಳು. ಮಾರೇಶನ ಪರ ಮಾತಾಡಿದರೆ ರಶ್ಮಿಗೆ ಗೊತ್ತಾಗುತ್ತದೆ, ರಶ್ಮಿಯಿಂದ ಓಣಿಗೆ, ಓಣಿಯಿಂದ ಅಪ್ಪನಿಗೆ... ಈ ಭಯವೇ ಎರಡು ವರ್ಷ ಅವಳ ಬಾಯಿ ಕಟ್ಟಿತ್ತು. ಇವತ್ತು ಬಾಯಿ ಬಿಚ್ಚಿಸಿ ಸುಳ್ಳು ಹೇಳಿಸಿತ್ತು.

"ಹಾಕ್ಕೊಳ್ಳಲೇ!" ಮ್ಯಾನೇಜರ್ ಯಾರದೋ ಕರಿ ಬೂಟನ್ನು ಮಾರೇಶನ ಮುಂದೆ ಎಸೆದ.

ಬೂಟು ಬಿಗಿಯಾಗಿತ್ತು. ಮಾರೇಶ ಹಲ್ಲು ಕಚ್ಚಿ ಕಾಲು ತೂರಿಸಿದ.

ಸತ್ಯಾತ್ಮ ಉಕ್ಕಿನ ಕಾರ್ಖಾನೆಯೊಂದರ ಇಂಜಿನಿಯರ್. ಜೊತೆಗೆ ತಾಯಿ ಪದ್ಮಾಬಾಯಿ. ಆ ಶೋರೂಮು ಮಾರುವ ಬೇರೆ ಬೇರೆ ಕಂಪನಿಯ ಮೂರು ಲಕ್ಷುರಿ ಸೆಡಾನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು, ಓಡಿಸಿ ನೋಡಬೇಕು, ಇದು ಅವನ ಹಟ. ಶ್ರೀವಾಣಿಯ ಅಪ್ಪ ವಾಸುದೇವ ಮುಂಜಾನೆಯೇ ಅವಳಿಗೆ ಹೇಳಿದ್ದರು: "ನಮ್ಮವರೇ ಬರ್ತಾರ ಕಾರ್ ನೋಡ್ಲಿಕ್ಕೆ. ಚಂದಾಗಿ ಮಾತಾಡ್ಸು."

ಶ್ರೀವಾಣಿ ಚಂದಾಗಿಯೇ ಮಾತಾಡಿದಳು. ಎದೆಯಲ್ಲಿ ಬೆಂಕಿ, ಬಾಯಲ್ಲಿ ಬೆಲೆ!

"ಬಿಳಿದು ಇಪ್ಪತ್ತೇಳು ಲಕ್ಷ ಸರ್. ಮುಂದಿನ ಗಾಲಿ ಎಳೀತಾವ. ಊರಾಗ ಹಗುರ, ಪೆಟ್ರೋಲೂ ಕಡಿಮಿ ಕುಡೀತದ. ನೀಲಿದು ಮೂವತ್ತು. ಹಿಂದಿನ ಗಾಲಿ ತಳ್ಳತಾವ, ತಿರುವಿನಾಗ ಇದರಷ್ಟು ಮಾತು ಕೇಳೋ ಗಾಡಿ ಇಲ್ಲ. ಕಪ್ಪು ಮೂವತ್ನಾಲ್ಕು. ನಾಲ್ಕೂ ಗಾಲಿಗೆ ಜೋರು ಹೋಗ್ತದ."

ಬಿಳಿ ಕಾರು ಕಂಟೋನ್ಮೆಂಟಿನ ರಸ್ತೆಗಳಲ್ಲೇ ಮುಗಿಯಿತು. ಎಕ್ಸಲರೇಟರ್ ಜೋರಾಗಿ ಒತ್ತಿದರೆ ಸ್ಟೇರಿಂಗು ಕೈಯಲ್ಲಿ ಎಳೆದಾಡುತ್ತದೆ ಎಂದು ಸತ್ಯಾತ್ಮ ಮೂಗು ಮುರಿದ. ಕಪ್ಪನ್ನು ಅವನೇ ಕುರುಗೋಡಿನ ದಾರಿಯಲ್ಲಿ ಅರ್ಧದವರೆಗೆ ಓಡಿಸಿದ. ಅಲ್ಲಿ ಅದನ್ನು ಜೊತೆಗಿದ್ದ ಇನ್ನೊಬ್ಬ ಡ್ರೈವರ್ ವೀರೇಶನಿಗೆ ಕೊಟ್ಟು, ಎಲ್ಲರೂ ಮಾರೇಶ ಹಿಂದೆ ತರುತ್ತಿದ್ದ ನೀಲಿ ಕಾರು ಹತ್ತಿದರು.

ಇದನ್ನು ಮೊದಲು ಕೂತು ನೋಡುತ್ತೇನೆ ಎಂದ ಸತ್ಯಾತ್ಮ. ಮಾರೇಶ ಸ್ಟೇರಿಂಗಿನ ಹಿಂದೆ. ಅವನ ಪಕ್ಕ ಸತ್ಯಾತ್ಮ. ಹಿಂದಿನ ಸೀಟಿನಲ್ಲಿ ಪದ್ಮಾಬಾಯಿ, ಶ್ರೀವಾಣಿ.

ಕನ್ನಡಿಯಲ್ಲಿ ಮಾರೇಶನ ಕಣ್ಣು ಕಾಣುತ್ತಿತ್ತು. ಅದು ಒಮ್ಮೆಯೂ ಅವಳ ಕಡೆ ತಿರುಗಲಿಲ್ಲ.

'ಒಂದ್ಸಲ ನೋಡೋ... ಬೇಕಾದ್ರ ಸಿಟ್ಟಿಲೇ ನೋಡು...'

"ಶ್ರೀವಾಣಿ ಅವರ," ಸತ್ಯಾತ್ಮ ಹಿಂದೆ ತಿರುಗಿ ಕೇಳಿದ, "ಸೇಲ್ಸ್ ಮಾತು ಬಿಡ್ರಿ. ನಿಮಗ ಯಾವುದು ಮನಸ್ಸಿಗೆ ಬಂದದ?"

"ಕಪ್ಪು ಸರ್," ಅವಳ ಬಾಯಿ ಗಿರಾಕಿಗಳಿಗೆ ದಿನಾ ಹೇಳುವುದನ್ನೇ ಹೇಳಿತು. "ತುಟ್ಟಿ ಖರೆ. ಆದ್ರ ಮನಿಮಂದಿಗೆಲ್ಲ ಭದ್ರ."

ಪದ್ಮಾಬಾಯಿ ಅವಳ ಕೈ ಹಿಡಿದುಬಿಟ್ಟರು. "ಮುಗೀತು ಬಿಡು! ಹುಡುಗಿ ಬಾಯಿಂದನ ಬಂತಲ್ಲ. ಕಪ್ಪುದನ್ನೇ ಬುಕ್ ಮಾಡೋ ಸತ್ಯಾ. ಮದುವಿ ಮುಗಿಸಿ ಸೊಸಿನ್ನ ಅದರಾಗನ ಕರ್ಕೊಂಡು ಹೋಗೋಣಂತ!"

"ಮ... ಮದುವಿ?"

"ಯಾಕ, ನಿಮ್ಮಪ್ಪ ಹೇಳಿಲ್ಲೇನು? ಮನಿಗೆ ಬಂದು ತಟ್ಟಿ ಉಪ್ಪಿಟ್ಟು ತಿಂದು ಹುಡುಗಿ ನೋಡೋದು ಹಳೇದಾತು. ಕೆಲಸದ ಜಾಗದಾಗ ಹೆಂಗದಾಳ ನೋಡ್ರಿ ಅಂತ ಅವರ ಹೇಳಿದ್ದು!"

ಶ್ರೀವಾಣಿ ಕೈ ಹಿಂದಕ್ಕೆ ಎಳೆದುಕೊಂಡಳು. ಕನ್ನಡಿಯಲ್ಲಿ ಆ ಎರಡು ಕಣ್ಣು ಈಗ ಅವಳನ್ನೇ ನೋಡುತ್ತಿದ್ದವು. ಎಲ್ಲ ಗೊತ್ತಿದ್ದೇ ಇವಳು ಬಂದಿದ್ದಾಳೆ... ಅದಕ್ಕೇ ನಾನು ಹೊಸಬ... ಆ ಕಣ್ಣು ಹೇಳಿದ್ದು ಅಷ್ಟೇ.

"ಇಲ್ಲ... ನನಗ ಗೊತ್ತ..."

ಅವಳ ಮಾತು ಮುಗಿಯಲಿಲ್ಲ. ಬಿಗಿದ ಬೂಟಿನ ಕಾಲು ಎಕ್ಸಲರೇಟರ್ ಮೇಲೆ ಕೂತಿತ್ತು.

ನೀಲಿ ಕಾರು ಗುಟುರು ಹಾಕಿ ನುಗ್ಗಿತು. ಮುಂದೆ ಕಾಲುವೆಯ ತಿರುವು. ನಾಟಿ ಕಾಲ; ಗದ್ದೆ ತುಳಿದ ಟ್ರ್ಯಾಕ್ಟರುಗಳ ಕಬ್ಬಿಣದ ಗಾಲಿಯಿಂದ ಉದುರಿದ ಎರೆಮಣ್ಣು ರಸ್ತೆ ತುಂಬ ಮೆತ್ತಿಕೊಂಡಿತ್ತು. ಆ ಮಣ್ಣಿನ ನಡುವೆ ಹುಟ್ಟಿ ಬೆಳೆದವನಿಗೆ ಇವತ್ತು ಅದು ಕಾಣಲೇ ಇಲ್ಲ. ಸಿಟ್ಟು ಕಣ್ಣಿಗೆ ಅಡರಿತ್ತು.

ಹಿಂದಿನ ಗಾಲಿಗಳು ಜಾರಿದವು. ಕಾರಿನ ಬಾಲ ಕಾಲುವೆಯ ಕಡೆ ತಿರುಗಿತು. ಪದ್ಮಾಬಾಯಿ "ರಾಯರೇ!" ಎಂದು ಕೂಗಿದರು.

"ಮಾರೂ! ಸಾಕೋ... ಮಾರೂ!" ಶ್ರೀವಾಣಿ ಚೀರಿದಳು.

ಆ ಹೆಸರು ಕಿವಿಗೆ ಬಿದ್ದದ್ದೇ ಅವನ ಕಾಲು ಸಡಿಲವಾಯಿತು. ಕಾರು ಅಡ್ಡಡ್ಡ ಎಳೆದುಕೊಂಡು ಹೋಗಿ, ದಂಡೆಯ ಅಂಚಿಗೆ ನಿಂತಿತು.

ಮಾರೇಶ ಎಂಜಿನ್ ಬಂದ್ ಮಾಡಿದ.

ನಾಟಿ ಹೆಂಗಸರು ಗದ್ದೆಯಿಂದ ಓಡಿ ಬಂದರು. ಹಿಂದಿನ ಕಪ್ಪು ಕಾರಿನಿಂದ ವೀರೇಶ ಇಳಿದ. ಮಾರೇಶ ಮೊದಲು ಹಿಂದಿನ ಬಾಗಿಲು ತೆಗೆದು ಪದ್ಮಾಬಾಯಿಯ ಕೈ ಹಿಡಿದು ಇಳಿಸಿದ.

"ತಪ್ಪಾತ್ರಿ ಅಮ್ಮಾ. ಸಿಟ್ಟು ನಂದು, ಜೀವ ನಿಮ್ಮದು ಅನ್ನೋದ ಮರತೆ. ಕೆಲಸದಿಂದ ತೆಗಸ್ರಿ, ನಾ ಏನೂ ಅನ್ನಂಗಿಲ್ಲ."

ಸತ್ಯಾತ್ಮ ಇಳಿದು ಶ್ರೀವಾಣಿಯ ಕಡೆ ತಿರುಗಿದ. ಅವನ ಕಿವಿಯಲ್ಲಿ ಇನ್ನೊಂದು ಸದ್ದು ಉಳಿದಿತ್ತು. "ಮಾರೂ ಅಂದ್ರಲ್ಲ ನೀವು? ಹೊಸಬ ಅಂದಿದ್ರಿ..."

ಎಲ್ಲರೂ ಶ್ರೀವಾಣಿಯ ಬಾಯನ್ನೇ ನೋಡಿದರು. ಮುಂಜಾನೆ ಇದ್ದಂತೆಯೇ ಜನ. ಮುಂಜಾನೆ ಇದ್ದಂತೆಯೇ ಒಂದೇ ಮಾತು ಬೇಕು.

ಅವಳು ಇಳಿದು ಎಲ್ಲರ ಎದುರು ನಿಂತಳು. ದನಿ ನಡುಗಲಿಲ್ಲ.

"ಸುಳ್ಳು ಹೇಳಿದೆ ಸರ್. ಅವ ಹೊಸಬ ಅಲ್ಲ. ಎರಡು ವರ್ಷದಿಂದ ನನ್ನ ಡಬ್ಬ್ಯಾಗ ಅರ್ಧ ಅವಂದು. ನೀವು ನಕ್ಕಾಗ ನಾನು ಹೆದರಿದೆ. ಈಗ ಹೆದರೋದಿಲ್ಲ. ನಾ ಮದುವಿ ಅಂತ ಆದ್ರ ಇವನ್ನೇ ಆಗೋದು."

"ಅಯ್ಯ ನಮ್ಮವ್ವಾ!" ನಾಟಿ ಹೆಂಗಸೊಬ್ಬಳು ಕೆಸರುಗೈಯನ್ನೇ ಬಾಯಿಗೆ ಇಟ್ಟುಕೊಂಡಳು.

ಪದ್ಮಾಬಾಯಿ ಅವಳ ಹತ್ತಿರ ಬಂದರು. "ನಿಮ್ಮಪ್ಪಗ ಇದು ಗೊತ್ತದೇನು?"

"ಸಂಜಿಗೆ ಗೊತ್ತಾಗ್ತದ ಅಮ್ಮಾ. ನಾನ ಹೇಳ್ತೀನಿ."

"ಹೇಳು. ನಮ್ಮಿಂದ ಕೇಳಬಾರದು ಅವರು." ಆಮೇಲೆ ಮಗನ ಕಡೆ ತಿರುಗಿ ಗದರಿದರು: "ನಡೀ! ಹತ್ತು ಜನರ ಮುಂದ ಒಬ್ಬನ ಕಾಲು ನೋಡಿ ನಕ್ಕಿ. ಈಗ ಅನುಭವಿಸು."

ಸತ್ಯಾತ್ಮ ಮಾರೇಶನ ಬೂಟಿನ ಕಡೆ ಒಮ್ಮೆ ನೋಡಿದ. ತಾಯಿಯನ್ನು ಕರೆದುಕೊಂಡು ಕಪ್ಪು ಕಾರು ಹತ್ತಿದ. ವೀರೇಶ ಬಳ್ಳಾರಿಯ ಕಡೆ ತಿರುಗಿಸಿದ. ಹೆಂಗಸರು ಗುಸುಗುಸು ಮಾಡುತ್ತ ಗದ್ದೆಗೆ ಇಳಿದರು.

ಉಳಿದದ್ದು ಕೆಸರು ಮೆತ್ತಿದ ನೀಲಿ ಕಾರು... ಮತ್ತು ಇವರಿಬ್ಬರು.

"ಬೈಯಿ," ಅಂದಳು ಶ್ರೀವಾಣಿ. "ಸುಮ್ಮನ ಇರಬ್ಯಾಡ ಮಾರೂ, ನನಗ ತಡಿಯಂಗಿಲ್ಲ."

"ಹೊಸಬ ಅಂದಿ." ಅವನ ದನಿ ಒಡೆಯಿತು. "ಅವ ಕೆಸರಿನವ ಅಂದಾಗ ನೋಯಲಿಲ್ಲ ವಾಣಿ. ಖರೇನ ಐತಿ, ಕೆಸರಿನವನ ಅದೀನಿ. ನೀ ಹೊಸಬ ಅಂದಿ ನೋಡು..."

"ನನಗ ಅವರು ಯಾಕ ಬಂದಾರ ಗೊತ್ತಿರಲಿಲ್ಲೋ. ರಾಯರಾಣೆ!"

"ಅದು ಈಗ ತಿಳೀತು."

"ಹಂಗಾದ್ರ...?"

ಅವನು ಗಾಲಿಗೆ ಮೆತ್ತಿದ ಮಣ್ಣನ್ನು ಬೂಟಿನ ತುದಿಯಿಂದ ಕೆರೆದ.

"ಸಂಜಿಗೆ ಅಪ್ಪನ ಮುಂದ ನಿಂದರಬೇಕು," ಶ್ರೀವಾಣಿ ಕಣ್ಣೊರೆಸಿಕೊಂಡಳು. "ಒಬ್ಬಾಕಿನ ನಿಂದರಲ್ಯಾ? ಇಲ್ಲಾ... ನೀನೂ ಇರ್ತೀಯಾ?"

ಮಾರೇಶ ಬಾಗಿ ಬೂಟು ಕಳಚಿದ. ಹಿಮ್ಮಡಿ ಕೆಂಪಾಗಿ ಸುಲಿದಿತ್ತು. ಬೂಟುಗಳನ್ನು ಬಲಗಡೆ ಬಾಗಿಲ ಹೊರಗೆ ಜೋಡಿಸಿಟ್ಟ. ಕಾರಿನ ಕೀಲಿಯನ್ನು ಅವಳ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ.

ಆಮೇಲೆ ಬರಿಗಾಲಲ್ಲಿ ಬಾನೆಟ್ಟು ಸುತ್ತಿಕೊಂಡು, ಅವಳ ಮಗ್ಗಲಿನ ಸೀಟಿನ ಎಡಗಡೆ ಬಾಗಿಲಿನತ್ತ ನಡೆದ.